ಮಂಜನಿಗೊಂದು ಪತ್ರ: ಅಪ್ಪನ ಕಿರುಬೆರಳು

ಪ್ರೀತಿಯ ಮಂಜ,

ಫೋನ್ ಮಾಡಿದರೆ ಮಧ್ಯೆ ನೀನೇ ಮಾತಾಡ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರೂ ಓದುವ ಕಡೆ ಹಾಕುತ್ತಿರುವುದರಿಂದ ಹಲಸಿನ ತೋಟದ ಕತೆ ಬಿಟ್ಟಿದ್ದೇನೆ. ಹೆದರಬೇಡ.

ಅಪ್ಪನ ವರ್ಷದ ತಿಥಿಗೆ ನಿನಗೆ ಬರಲಾಗಲಿಲ್ಲ. ಊರಿನ ಹುಡುಗರು ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಕಟ್ಟಿದ್ದರು. ಮದ್ರಾಸ್ ರೆಜಿಮೆಂಟಿನ ಟೋಪಿ, ಮೀಸೆ, ಕೆಳಗೆ ‘ವೀರ ಯೋಧ’. ಪ್ರೀತಿಯಿಂದಲೇ ಮಾಡಿದ್ದು. ನೀನಿದ್ದಿದ್ದರೆ ರೆಜಿಮೆಂಟಿನ ಯುದ್ಧಘೋಷ ‘ಅಡಿ ಕೊಲ್ಲು’ ಅಂತ ಕೂಗಿ ನಗಿಸುತ್ತಿದ್ದೆ.

ಅವತ್ತು ಅಪ್ಪನ ಪಲ್ಟನ್‌ನವರು ಒಬ್ಬರು ಬಂದಿದ್ದರು, ಧಾರವಾಡದ ಕಡೆಯವರು. ಊಟ ಆದಮೇಲೆ ಜಗಲಿಯಲ್ಲಿ ಕೂತು, "ಎಡಗಾಲಿಗೆ ಏನಾಗಿತ್ತು ಅಂತ ನಿಮ್ಮಪ್ಪ ಹೇಳಿದ್ನೇನು?" ಅಂದರು. ಕಿರುಬೆರಳು ಅರ್ಧ ಇರಲಿಲ್ಲ, ನಿನಗೂ ಗೊತ್ತಲ್ಲ. ಅಟ್ಟದ ಕಪ್ಪು ಟ್ರಂಕು ತೋರಿಸಿ, ಅದು ಬಿದ್ದು ಹೋಯ್ತು ಅಂತ ನಮ್ಮಿಬ್ಬರಿಗೂ ಹೇಳಿದ್ದ. ಅವರು ತಲೆ ಅಲ್ಲಾಡಿಸಿದರು. "ಟ್ರಂಕಲ್ಲ. ಗ್ಲೇಸಿಯರ್."

ಅಪ್ಪ ಸಿಯಾಚಿನ್ ಹಿಮನದಿಯ ಮೇಲಿದ್ದದ್ದು ಗೊತ್ತಿತ್ತು. 1984ರ ಏಪ್ರಿಲ್‌ನಿಂದ ನಮ್ಮ ಸೈನ್ಯ ಅಲ್ಲಿದೆ. ಗುಂಡಿಗಿಂತ ಚಳಿ, ಹಿಮಕುಸಿತವೇ ಜಾಸ್ತಿ ಜನರನ್ನು ಕೊಂದ ಜಾಗ. ಮೇಲಿನ ಪೋಸ್ಟುಗಳಲ್ಲಿ ತಿಂಗಳುಗಟ್ಟಲೆ ಸ್ನಾನವಿಲ್ಲ, ನೀರು ಬೇಕೆಂದರೆ ಸೀಮೆಎಣ್ಣೆ ಒಲೆಯಲ್ಲಿ ಹಿಮ ಕರಗಿಸಬೇಕು. ಬೂಟಿನೊಳಗೆ ಬೆವರಿ ಕಾಲುಚೀಲ ಒದ್ದೆಯಾಯಿತೋ, ನಿಂತ ತಕ್ಷಣ ಹೆಪ್ಪುಗಟ್ಟುತ್ತದೆ. ಬೆರಳು ಮರಗಟ್ಟಿದವನಿಗೇ ಅದು ತಿಳಿಯುವುದಿಲ್ಲ. ಅದಕ್ಕೇ ರಾತ್ರಿ ಒಬ್ಬರ ಕಾಲು ಇನ್ನೊಬ್ಬರು ನೋಡಬೇಕು.

ಒಬ್ಬರ ಕಾಲು ಇನ್ನೊಬ್ಬರು! ಮಂಜ, ಮಳೆಗಾಲದಲ್ಲಿ ಸ್ಕೂಲಿಂದ ನೆಂದು ಬಂದರೆ ಅಪ್ಪ ನಮ್ಮನ್ನು ಒಲೆ ಮುಂದೆ ಕೂರಿಸುತ್ತಿದ್ದದ್ದು ನೆನಪಿದೆಯಾ? ತಲೆ ಒರೆಸುವುದು ಆಮೇಲೆ. ಮೊದಲು ಕಾಲು. ಟವೆಲಿನ ತುದಿಯನ್ನು ತಿರುಚಿ ಬೆರಳ ಸಂದಿಗಳಲ್ಲಿ ಎಳೆಯುತ್ತಿದ್ದ. ಆಮೇಲೆ ಒಂದೊಂದೇ ಬೆರಳ ತುದಿ ಒತ್ತಿ ಬಿಟ್ಟು, ಬಿಳಿಚಿದ್ದು ಮತ್ತೆ ಕೆಂಪಾಗುವವರೆಗೂ ನೋಡುತ್ತಿದ್ದ. "ಗೊತ್ತಾಗುತ್ತಾ?" ನೀನು ಪ್ರತಿ ಬೆರಳಿಗೂ "ಗೊತ್ತಾಗುತ್ತೆ ಮಿಲಿಟ್ರಿ ಮಾವ" ಅಂತ ಕಿರುಚುತ್ತಿದ್ದೆ. ಹತ್ತೂ ಬೆರಳು ಮುಗಿಯದೆ ಕಾಫಿ ಇಲ್ಲ.

2016ರ ಫೆಬ್ರವರಿಯಲ್ಲಿ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಆರು ದಿನ ಹಿಮದಡಿ ಇದ್ದು ಉಸಿರಾಡುತ್ತಾ ಸಿಕ್ಕರಲ್ಲ, ಅವರೂ ಮದ್ರಾಸ್ ರೆಜಿಮೆಂಟಿನವರೇ. ಜೊತೆಗಿದ್ದ ಒಂಬತ್ತು ಜನ ಉಳಿದಿರಲಿಲ್ಲ, ಅದರಲ್ಲಿ ನಮ್ಮ ಹಾಸನದ ತೇಜೂರಿನ ಸುಬೇದಾರ್ ನಾಗೇಶ್ ಒಬ್ಬರು. ಅಪ್ಪ ಟಿವಿ ಮುಂದಿನಿಂದ ಏಳಲಿಲ್ಲ. 11ನೇ ತಾರೀಖು ಹನುಮಂತಪ್ಪನವರೂ ಹೋದರು ಅಂತ ಸುದ್ದಿ ಬಂತು. ಅಪ್ಪ ಎದ್ದು ತೋಟಕ್ಕೆ ಹೋಗಿ ಕತ್ತಲಾಗುವವರೆಗೂ ಮೆಣಸಿನ ಬಳ್ಳಿ ಕಟ್ಟಿದ. ನಾವ್ಯಾರೂ ಕರೆಯಲಿಲ್ಲ.

ಧಾರವಾಡದವರು ಹೇಳಿದ್ದು ಇಷ್ಟು. ಒಂದು ಸಲ ಗಾಳಿಗೆ ಸಿಕ್ಕು ಗಸ್ತಿನಿಂದ ವಾಪಸ್ ಬರುವುದು ತಡವಾಯಿತು. ಇವರ ಎರಡೂ ಪಾದ ಕಲ್ಲಾಗಿತ್ತು. ಅಪ್ಪ ಅಂಗಿ ಎತ್ತಿ ಆ ಪಾದಗಳನ್ನು ತನ್ನ ಬರಿ ಹೊಟ್ಟೆಗೆ ಒತ್ತಿಟ್ಟುಕೊಂಡು ರಾತ್ರಿ ಪೂರ್ತಿ ಕೂತ. "ನಂದು ಉಳೀತು. ತನ್ನದು ನೋಡಿಕೊಳ್ಳೋದು ಮರ್ತ" ಅಂದರು.

ಹೆಮ್ಮೆ ಆಯಿತು. ಆದರೆ ಅದಕ್ಕಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚು ಕಣೋ. ಅಪ್ಪ ಗ್ಲೇಸಿಯರ್‌ನಲ್ಲಿದ್ದಾಗ ನನಗೆ ಎಂಟು ವರ್ಷ. ನನಗೆ ಅಪ್ಪ ಅಂದರೆ ವರ್ಷಕ್ಕೆ ಎರಡು ತಿಂಗಳ ರಜೆ, ಬಾಕಿ ದಿನ 56 ಎಪಿಒ ಅಂತ ಸೈನ್ಯದ ಅಂಚೆ ಮುದ್ರೆ ಬಿದ್ದ ಇನ್‌ಲ್ಯಾಂಡ್ ಲೆಟರ್. ಆ ಚಳಿಗಾಲದ ಕಾಗದ ಅಮ್ಮ ಇಟ್ಟಿದ್ದಾಳೆ. ಹಸು ಕರು ಹಾಕಿತಾ, ಮಳೆ ಹಿಡಿಯಿತಾ, ಇಲ್ಲಿ ಸ್ವಲ್ಪ ಚಳಿ, ನಾನು ಆರಾಮ. ಮಿಕ್ಕಿದ್ದೆಲ್ಲ ಈ ಮನುಷ್ಯನ ಹತ್ತಿರ ಇದೆ. ಅಪ್ಪನ ಹೊಟ್ಟೆಯ ಬಿಸಿ ಅವರ ಪಾದಕ್ಕೆ ಗೊತ್ತು. ಅವರ ಕಾಲನ್ನೇ ನೋಡುತ್ತಾ ಕೂತುಬಿಟ್ಟೆ. ನಮಗೆ ಸಿಗಬೇಕಾದ ಅಪ್ಪ ಇವರಿಗೆ ಸಿಕ್ಕಿದ ಅನ್ನಿಸಿತು. ಹೋಗುವಾಗ ಅವರು ನನ್ನ ಭುಜ ಹಿಡಿದುಕೊಂಡರು. ಆಗ ನನಗೆ ಅಳು ತಡೆಯಲಾಗಲಿಲ್ಲ, ಅವರಿಗೂ.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಸಾಕು ಬಿಡು. ಅವರು ಕೊಟ್ಟುಹೋದ ಪೇಡ ಡಬ್ಬದಲ್ಲಿ ನಿನ್ನ ಪಾಲು ಇದೆ, ಮಗಳು ಉಳಿಸಿದರೆ. ಅಮ್ಮನ ಮಿಲಿಟ್ರಿ ಕ್ಯಾಂಟೀನ್ ಕಾರ್ಡಿನ ಕೆಲಸಕ್ಕೆ ಹಾಸನಕ್ಕೆ ಹೋಗಬೇಕು, ನೀನೇ ಕರೆದುಕೊಂಡು ಹೋಗಬೇಕಂತೆ. ನನ್ನ ಡ್ರೈವಿಂಗ್ ಆಕೆಗೆ ಭಯ. ಶನಿವಾರ ಬೇಗ ಬಾ, ತಿಂಡಿಗೆ ಅಕ್ಕಿರೊಟ್ಟಿ ಮಾಡುತ್ತಾಳಂತೆ.

ನಿನ್ನ,
ಮಿಲಿಟ್ರಿ ಮಾವನ ಮಗ