ಚೌರಿ, ನೀನು ಕೇಳಿದ್ದಕ್ಕೆ

ಪ್ರೀತಿಯ ಚೌರಿ,

ನಾಲ್ಕು ಸಾಲು ಸಾಕು ಅಂದಿದ್ದೆ ನೀನು. ನಮ್ಮ ಧರ್ಮಕೇಂದ್ರದ ಯುವಕರ ಸಭೆಗೆ ‘ಕಥೋಲಿಕರು ಯಾಕೆ ಚರ್ಚು ಬಿಡುತ್ತಾರೆ’ ಅಂತ ವಿಷಯ ಇಟ್ಟಿದ್ದಾರೆ, ನೀನು ಐರ್ಲೆಂಡಿನಲ್ಲಿ ಇದ್ದೀಯಲ್ಲ, ಅಲ್ಲಿನ ಕಥೆ ಬರೆದು ಕಳಿಸು ಅಂತ. ಬರೆಯಲು ಕೂತೆ, ಬೆಳೆಯುತ್ತಾ ಹೋಯಿತು. ನಿನಗೊಬ್ಬನಿಗೇ ಕಳಿಸುವ ಬದಲು ಇಲ್ಲೇ ಹಾಕುತ್ತಿದ್ದೇನೆ. ನಮ್ಮ ಊರಿನವರು, ಗಲ್ಫಿನಲ್ಲಿ ಇರುವವರು, ಸೆಮಿನರಿಗೆ ಹೋಗಿ ವಾಪಸ್ ಬಂದ ನಮ್ಮ ಗೆಳೆಯರು, ಎಲ್ಲರೂ ಓದಲಿ. ಸ್ಟೀಲ್ ಬಕೆಟ್ ವಿಷಯ ಎತ್ತುವುದಿಲ್ಲ, ಹೆದರಬೇಡ.

ಈ ದೇಶ ಎಷ್ಟರ ಮಟ್ಟಿಗೆ ಕಥೋಲಿಕ ದೇಶವಾಗಿತ್ತು ಅಂತ ನಿನ್ನ ಹುಡುಗರಿಗೆ ಮೊದಲು ಗೊತ್ತಾಗಬೇಕು. 1970ರ ದಶಕದ ಶುರುವಿನಲ್ಲಿ ಇಲ್ಲಿನ ಹತ್ತು ಕಥೋಲಿಕರಲ್ಲಿ ಒಂಬತ್ತು ಜನ ವಾರವಾರವೂ ಚರ್ಚಿನ ಪೂಜೆಗೆ ಹೋಗುತ್ತಿದ್ದರು. 1979ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಡಬ್ಲಿನ್‌ಗೆ ಬಂದಾಗ ಫೀನಿಕ್ಸ್ ಪಾರ್ಕಿನಲ್ಲಿ ಹತ್ತು ಲಕ್ಷಕ್ಕಿಂತ ಜಾಸ್ತಿ ಜನ ಸೇರಿದ್ದರು. ಆಗ ದೇಶದ ಒಟ್ಟು ಜನಸಂಖ್ಯೆಯೇ 34 ಲಕ್ಷದ ಆಸುಪಾಸು! ಅವತ್ತಿಗೆಂದು ನಿಲ್ಲಿಸಿದ ಎತ್ತರದ ಬಿಳಿ ಶಿಲುಬೆ ಈಗಲೂ ಅಲ್ಲಿದೆ. ಮಕ್ಕಳನ್ನು ಕರೆದುಕೊಂಡು ಹೋಗುತ್ತಿರುತ್ತೇನೆ. ಅವರಿಗೆ ಅಲ್ಲಿನ ಜಿಂಕೆಗಳ ಮೇಲೇ ಕಣ್ಣು.

2018ರಲ್ಲಿ ಪೋಪ್ ಫ್ರಾನ್ಸಿಸ್ ಅದೇ ಮೈದಾನಕ್ಕೆ ಬಂದರು. ಐದು ಲಕ್ಷ ಟಿಕೆಟ್ ಹಂಚಿದ್ದರು. ಬಂದವರು ಅದರ ಅರ್ಧದಷ್ಟೂ ಇಲ್ಲ. ಹವೆ ಕೆಟ್ಟಿತ್ತು ಅನ್ನುತ್ತಾರೆ, ಆದರೆ ಈ ದೇಶದಲ್ಲಿ ಮಳೆಗಾಳಿಗೆ ಹೆದರಿ ಮನೆಯಲ್ಲಿ ಕೂರುವವರು ಯಾರೂ ಇಲ್ಲ. 2016ರ ಜನಗಣತಿಯಲ್ಲಿ ನೂರಕ್ಕೆ 79 ಜನ ಕಥೋಲಿಕರು ಅಂತ ಬರೆಸಿದ್ದರು, 2022ರಲ್ಲಿ ಅದು 69ಕ್ಕೆ ಇಳಿಯಿತು. ಅದೂ ಬರೆಸಿದವರ ಲೆಕ್ಕ. ಭಾನುವಾರ ಬರುವವರ ಲೆಕ್ಕ ಬೇರೆಯೇ.

ಯಾಕೆ ಹೀಗಾಯಿತು ಅಂದರೆ ಎಲ್ಲರೂ ಹಗರಣಗಳ ಪಟ್ಟಿ ಕೊಡುತ್ತಾರೆ. ಪಟ್ಟಿ ಚಿಕ್ಕದೇನಲ್ಲ. 1992ರಲ್ಲಿ ಗಾಲ್ವೆಯ ಬಿಷಪ್ ಈಮನ್ ಕೇಸಿ ಅವರಿಗೆ ಒಬ್ಬ ಮಗ ಇರುವುದು ಬಯಲಾಯಿತು. 1979ರಲ್ಲಿ ಪೋಪ್ ಗಾಲ್ವೆಗೆ ಬಂದಾಗ ಯುವಕರನ್ನು ಹಾಡಿಸಿ, ನಗಿಸಿ ಕೂರಿಸಿದವರಲ್ಲಿ ಇವರೂ ಒಬ್ಬರು. ಆದರೆ ಮುಂದೆ ಬಂದದ್ದರ ಎದುರು ಇದು ಏನೂ ಅಲ್ಲ. ಮಕ್ಕಳ ಮೇಲೆ ವರ್ಷಗಟ್ಟಲೆ ಅತ್ಯಾಚಾರ ಮಾಡಿದ ಬ್ರೆಂಡನ್ ಸ್ಮಿತ್ ಎಂಬ ಗುರುವಿನ (ಪಾದ್ರಿಯ) ಪ್ರಕರಣವನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ ಅಂತ 1994ರಲ್ಲಿ ಸರ್ಕಾರವೇ ಬಿತ್ತು. 2009ರಲ್ಲಿ ಒಂದೇ ವರ್ಷ ಎರಡು ವರದಿ ಬಂದವು. ರಯಾನ್ ವರದಿ, ಚರ್ಚಿನ ಸಂಸ್ಥೆಗಳಲ್ಲಿ ಬೆಳೆದ ಬಡ ಮಕ್ಕಳಿಗೆ ಏನಾಯಿತು ಅಂತ ಹೇಳಿತು. ಮರ್ಫಿ ವರದಿ, ಡಬ್ಲಿನ್ ಧರ್ಮಪ್ರಾಂತ್ಯದ ದೊಡ್ಡವರು ಅಂಥದ್ದನ್ನೇ ಹೇಗೆ ಮುಚ್ಚಿಟ್ಟರು ಅಂತ ಹೇಳಿತು. ಆಮೇಲೆ ಟೂಮ್ ಎಂಬ ಪಟ್ಟಣ. ಮದುವೆ ಇಲ್ಲದೆ ಬಸುರಾದವರನ್ನು ಇಡುತ್ತಿದ್ದ ಮನೆಯನ್ನು ಸಿಸ್ಟರುಗಳು, ಅಂದರೆ ಕ್ರೈಸ್ತ ಸನ್ಯಾಸಿನಿಯರು, ಅಲ್ಲಿ ನಡೆಸುತ್ತಿದ್ದರು. ಕ್ಯಾಥರಿನ್ ಕಾರ್ಲೆಸ್ ಎಂಬ ಹೆಂಗಸು ಮನೆಯಲ್ಲೇ ಕೂತು ಊರಿನ ಚರಿತ್ರೆ ಹುಡುಕುತ್ತಿದ್ದವರು. 1925ರಿಂದ 1961ರವರೆಗೆ ಆ ಮನೆಯಲ್ಲಿ ಸತ್ತ 796 ಮಕ್ಕಳ ಹೆಸರನ್ನು ಅವರು ಮರಣದ ದಾಖಲೆಗಳಿಂದ ಒಂದೊಂದಾಗಿ ತೆಗೆದರು. ಹೂಳಿದ್ದು ಎಲ್ಲಿ ಅನ್ನುವುದಕ್ಕೆ ದಾಖಲೆಯೇ ಇಲ್ಲ. 2025ರಲ್ಲಿ ಅಲ್ಲಿ ಅಗೆಯಲು ಶುರುಮಾಡಿದರು.

ಇದನ್ನೆಲ್ಲ ನಿನ್ನ ಸಭೆಯಲ್ಲಿ ಹೇಳು. ಮುಚ್ಚಿಡಬೇಡ. ಆದರೆ ಇಷ್ಟು ಹೇಳಿ ಕೂತರೆ ಅರ್ಧ ಹೇಳಿದ ಹಾಗೆ. ಇನ್ನರ್ಧ ನನಗೆ ತಿಳಿದದ್ದು ಒಬ್ಬ ಅಜ್ಜಿಯಿಂದ.

ನಾನು ಕೆಲಸ ಮಾಡುವುದು ವಯಸ್ಸಾದವರು ಇರುವ ನರ್ಸಿಂಗ್ ಹೋಮಿನಲ್ಲಿ ಅಂತ ನಿನಗೆ ಗೊತ್ತಲ್ಲ. ಆ ಅಜ್ಜಿ ಅಲ್ಲಿದ್ದರು. ಪಶ್ಚಿಮದ ಕಡೆಯ ಹಳ್ಳಿಯವರು. ಇಲ್ಲಿ ಸಂಜೆ ಆರಕ್ಕೆ ಸರ್ಕಾರಿ ಟಿವಿಯಲ್ಲಿ ಗಂಟೆ ಬಾರಿಸುತ್ತಾರೆ, ನಮ್ಮ ತ್ರಿಕಾಲ ಪ್ರಾರ್ಥನೆಯ ಗಂಟೆ. ಅದು ಮುಗಿದು ವಾರ್ತೆ ಶುರುವಾಗುವುದೇ ಆರು ಗಂಟೆ ಒಂದು ನಿಮಿಷಕ್ಕೆ. ಗಂಟೆ ಶುರುವಾದರೆ ಅಜ್ಜಿ ಕೈಯಲ್ಲಿದ್ದ ಚಹಾ ಕಪ್ಪನ್ನು ಕೆಳಗಿಡುತ್ತಿದ್ದರು. ಬೆರಳೆಲ್ಲ ಸೊಟ್ಟಗಾಗಿದ್ದವು. ಆದರೂ ಎರಡೂ ಕೈ ಜೋಡಿಸಿ, ತುಟಿ ಆಡಿಸುತ್ತಾ, ಕೊನೆಯ ಗಂಟೆಯವರೆಗೂ ಅಲ್ಲಾಡುತ್ತಿರಲಿಲ್ಲ. ಆದರೆ ವಾರಕ್ಕೊಮ್ಮೆ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಕೊಡುವ ರೊಟ್ಟಿ, ತಂದರೆ ಬೇಡ ಅನ್ನುವರು. ಸಿಟ್ಟಿಲ್ಲ, ಮಾತಿಲ್ಲ. ತಲೆಯನ್ನು ಒಂದು ಸಲ ಅಲ್ಲಾಡಿಸುವರು, ಅಷ್ಟೆ. ನಮ್ಮವರೆಲ್ಲ ಅಜ್ಜಿಗೆ ಮರೆವು ಅಂದುಕೊಂಡಿದ್ದರು.

ಒಂದು ನೈಟ್ ಡ್ಯೂಟಿಯಲ್ಲಿ ನಿದ್ದೆ ಬಾರದೆ ಅವರೇ ಹೇಳಿದರು. ಮೊದಲ ಮಗು ಹುಟ್ಟಿದ ದಿನವೇ ಹೋಯಿತಂತೆ. ಮಗುವನ್ನು ಚರ್ಚಿಗೆ ಸೇರಿಸುವ ಜ್ಞಾನಸ್ನಾನ ಆಗಿರಲಿಲ್ಲ. ಚರ್ಚಿನ ಸ್ಮಶಾನದಲ್ಲಿ ಅದಕ್ಕೆ ಜಾಗವಿಲ್ಲ ಅಂದರಂತೆ. ಅಂಥ ಮಕ್ಕಳನ್ನು ಹೂಳಲು ಈ ದೇಶದ ಹಳ್ಳಿಗಳಲ್ಲಿ ಬೇರೆ ಜಾಗಗಳಿದ್ದವು. ಕಿಲೀನ್ ಅನ್ನುತ್ತಾರೆ. ಪಾಳು ಕೋಟೆಯ ಒಳಗೆ, ಹೊಲದ ಬದುವಿನಲ್ಲಿ, ಕಡಲ ದಂಡೆಯಲ್ಲಿ. ಹೆಸರು ಕೆತ್ತಿದ ಕಲ್ಲು ಇರುವುದಿಲ್ಲ, ಗುರುಗಳು ಬಂದು ಪ್ರಾರ್ಥನೆ ಹೇಳುವುದೂ ಇಲ್ಲ. ಕತ್ತಲಾದ ಮೇಲೆ ಅಜ್ಜಿಯ ಗಂಡ ಒಂದು ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದರಂತೆ. ವಾಪಸ್ ಬಂದವರು ಎಲ್ಲಿ ಅಂತ ಹೇಳಲಿಲ್ಲ. ಇವರೂ ಕೇಳಲಿಲ್ಲ. ಗಂಡ ಸಾಯುವವರೆಗೂ ಅವರಿಬ್ಬರ ನಡುವೆ ಆ ಮಾತು ಬರಲಿಲ್ಲವಂತೆ.

ಜ್ಞಾನಸ್ನಾನ ಇಲ್ಲದೆ ಸತ್ತ ಮಗು ಲಿಂಬೋಗೆ ಹೋಗುತ್ತದೆ, ದೇವರ ಮುಖ ನೋಡುವುದಿಲ್ಲ ಅಂತ ಆಗ ಕಲಿಸುತ್ತಿದ್ದರಲ್ಲ. ನಮ್ಮ ಊರಿನ ಉಪದೇಶಿ ತಾತ ಕೂಡ ಹೇಳಿದ್ದು ನೆನಪಿದೆ. 2007ರಲ್ಲಿ ವ್ಯಾಟಿಕನ್ನಿನ ದೇವಶಾಸ್ತ್ರ ಆಯೋಗ ಅದನ್ನು ಮತ್ತೆ ವಿಚಾರಮಾಡಿ, ಈ ಮಕ್ಕಳೂ ದೇವರನ್ನು ಸೇರುತ್ತವೆ ಅಂತ ನಾವು ಭರವಸೆ ಇಡಬಹುದು ಅಂದಿತು. ಅಜ್ಜಿ ಅದನ್ನು ರೇಡಿಯೋದಲ್ಲಿ ಕೇಳಿದರಂತೆ, ಅಡುಗೆಮನೆಯಲ್ಲಿ ಒಬ್ಬರೇ ನಿಂತುಕೊಂಡು. ‘ಅವರು ಮನಸ್ಸು ಬದಲಾಯಿಸಿದರು ಮಗ. ಆದರೆ ನನ್ನ ಮನೆಗೆ ಬಂದು ಯಾರೂ ಹೇಳಲಿಲ್ಲ’ ಅಂದರು.

ಅಷ್ಟು ಹೊತ್ತಿಗೆ ಅವರು ಪೂಜೆಗೆ ಹೋಗುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಮಕ್ಕಳನ್ನು ಬೆಳೆಸುವವರೆಗೂ ಒಂದು ಭಾನುವಾರ ತಪ್ಪಿಸಲಿಲ್ಲ. ಕೊನೆಯ ಮಗನಿಗೆ ಮದುವೆ ಮಾಡಿದರು, ಮರುವಾರದಿಂದ ಹೋಗಲಿಲ್ಲ. ಊರಿನವರು ಮಂಡಿನೋವು ಅಂದುಕೊಂಡರು. ಇವರೂ ಹೌದು ಅಂದರು.

ಚೌರಿ, ಅವತ್ತಿನಿಂದ ನನ್ನ ತಲೆಯಲ್ಲಿ ಇದೇ ಓಡುತ್ತಿದೆ. ಚರ್ಚು ಬಿಡುವುದು ಅಂದರೆ ಜಗಳ ಮಾಡಿ ಬಾಗಿಲು ಹಾಕಿಕೊಂಡು ಹೋಗುವುದು ಅಂತ ನಾವು ಅಂದುಕೊಳ್ಳುತ್ತೇವೆ. ಹಾಗೆ ಹೋಗುವವರು ಕಡಿಮೆ. ಅಮೆರಿಕದಲ್ಲಿ ಪ್ಯೂ ಸಂಸ್ಥೆಯವರು 2009ರಲ್ಲಿ ಒಂದು ಸಮೀಕ್ಷೆ ಪ್ರಕಟಿಸಿದ್ದರು. ಕಥೋಲಿಕರಾಗಿ ಬೆಳೆದು ಈಗ ಯಾವ ಧರ್ಮವೂ ಬೇಡ ಅನ್ನುವವರನ್ನು ಕೇಳಿದಾಗ ನೂರಕ್ಕೆ 71 ಜನ, ನಿಧಾನವಾಗಿ ಸುಮ್ನೆ ದೂರವಾದೆವು ಅಂದರು. ಗುರುಗಳ ಲೈಂಗಿಕ ಹಗರಣ ಒಂದು ಕಾರಣ ಅಂದವರು 27. ಹಗರಣ ಸಣ್ಣದು ಅಂತ ನಾನು ಹೇಳುತ್ತಿಲ್ಲ. ಮೊದಲೇ ಒಳಗೊಳಗೆ ದೂರವಾಗಿದ್ದವರಿಗೆ ಅದು ದಾರಿ ತೆರೆಯಿತು. ನೋವಿನಲ್ಲಿದ್ದಾಗ ಯಾರೂ ಮನೆಗೆ ಬರಲಿಲ್ಲ, ಬಂದವರು ನಿಯಮ ಹಿಡಿದುಕೊಂಡು ಬಂದರು. ದೂರವಾಗುವುದು ಅಲ್ಲಿಂದ ಶುರು. ಉಳಿದ ವರ್ಷಗಳೆಲ್ಲ ಅಪ್ಪ ಅಮ್ಮ ನೋಡುತ್ತಾರೆ, ಮಕ್ಕಳು ನೋಡುತ್ತಾರೆ ಅಂತ ಬರುವುದು.

ಇಲ್ಲಿನ ಹೊಸ ತಲೆಮಾರಿಗೆ ಆ ನೋವೂ ಇಲ್ಲ. ಪ್ರಾಥಮಿಕ ಶಾಲೆಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಈಗಲೂ ಚರ್ಚಿನ ಕೈಯಲ್ಲೇ ಇವೆ. 2018ರವರೆಗೆ, ಸೀಟು ಕಡಿಮೆ ಬಿದ್ದರೆ ಜ್ಞಾನಸ್ನಾನ ಆದ ಮಗುವಿಗೆ ಮೊದಲು ಕೊಡಬಹುದಿತ್ತು. ಹಾಗಾಗಿ ಸೀಟಿಗೋಸ್ಕರ ಜ್ಞಾನಸ್ನಾನ ಮಾಡಿಸಿದವರೂ ಇದ್ದರು. ಮೊದಲ ಪರಮಪ್ರಸಾದಕ್ಕೆ, ದೃಢೀಕರಣಕ್ಕೆ (ಜ್ಞಾನಸ್ನಾನವನ್ನು ಗಟ್ಟಿಮಾಡುವ ಸಂಸ್ಕಾರ) ಶಾಲೆಯಲ್ಲೇ ತಯಾರಿ. ಅವತ್ತು ಬಿಳಿ ಫ್ರಾಕು, ನೆಂಟರು ಕೊಡುವ ದುಡ್ಡು, ಅಂಗಳದಲ್ಲಿ ಗಾಳಿ ತುಂಬಿದ ಕುಣಿಯುವ ಕೋಟೆ. ಹನ್ನೆರಡು ವರ್ಷಕ್ಕೆ ದೃಢೀಕರಣ ಆಗುತ್ತದೆ. ಆಮೇಲೆ ಆ ಮಕ್ಕಳು ಚರ್ಚಿಗೆ ಬರುವುದು ತಮ್ಮ ಮದುವೆಗೆ, ಇಲ್ಲ ಅಜ್ಜನ ಮಣ್ಣಿಗೆ. ಅವರು ಬಿಟ್ಟರು ಅನ್ನುವುದಕ್ಕಿಂತ, ಅವರ ಕೈಗೆ ಏನೂ ಸಿಗಲಿಲ್ಲ ಅನ್ನುವುದೇ ಸರಿ. ತಾಯಿ ಕೂತು ಜಪಸರ ಹೇಳುವುದನ್ನು ಆ ಮಗು ನೋಡಿಲ್ಲ. ಟೀಚರ್ ಹೇಳಿದ್ದನ್ನು ಬಾಯಿಪಾಠ ಮಾಡಿದೆ ಅಷ್ಟೆ.

ಇಲ್ಲಿಗೆ ನಿಲ್ಲಿಸಬೇಕಿತ್ತು. ನೀನು ಕೇಳಿದ್ದು ಇಷ್ಟೇ.

ನನ್ನ ದೊಡ್ಡವಳಿಗೆ ಹೋದ ವರ್ಷ ದೃಢೀಕರಣ ಆಯಿತು. ಅವಳು ಇನ್ನೂ ನನ್ನ ಜೊತೆ ಪೂಜೆಗೆ ಬರುತ್ತಾಳೆ. ಮೊನ್ನೆ ಕಾರಿನಲ್ಲಿ ಕೇಳಿದಳು: ‘ಅಪ್ಪ, ಪರಮಪ್ರಸಾದ ತಗೊಂಡು ಬಂದು ಕಣ್ಣು ಮುಚ್ಚಿಕೊಂಡು ಕೂರ್ತೀಯಲ್ಲ, ಆವಾಗ ಏನು ಹೇಳ್ಕೋತೀಯ?’ ನನಗೆ ಉತ್ತರ ಬರಲಿಲ್ಲ. ಯಾಕಂದರೆ ನಾನು ಏನೂ ಹೇಳಿಕೊಳ್ಳುವುದಿಲ್ಲ ಕಣೋ. 2020ರ ವಸಂತದಿಂದ ಹೀಗೆ. ಕೋವಿಡ್ ಮೊದಲ ಅಲೆ ಈ ದೇಶದಲ್ಲಿ ಜಾಸ್ತಿ ಹೊಡೆದದ್ದು ನಮ್ಮಂಥ ನರ್ಸಿಂಗ್ ಹೋಮುಗಳನ್ನೇ. ಪೂಜೆಗಳು ನಿಂತಿದ್ದವು. ನಮ್ಮಲ್ಲಿ ಗುರುಗಳು ಒಳಗೆ ಬರುವ ಹಾಗಿರಲಿಲ್ಲ. ಅವರು ಫೋನಿನಲ್ಲಿ ಪ್ರಾರ್ಥನೆ ಹೇಳುವರು, ನಾನು ಫೋನನ್ನು ಸಾಯುತ್ತಿರುವವರ ಕಿವಿಗೆ ಹಿಡಿಯುತ್ತಿದ್ದೆ. ಗ್ಲೌಸ್ ಹಾಕಿದ ಹೆಬ್ಬೆರಳಿನಿಂದ ಹಣೆಗೆ ಶಿಲುಬೆ ಗುರುತು ಹಾಕುತ್ತಿದ್ದೆ. ಆಗ ಪ್ರಾರ್ಥನೆ ಬರುತ್ತಿತ್ತು. ಅಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ. ಎಲ್ಲ ಮುಗಿದ ಮೇಲೆ ನಿಂತುಹೋಯಿತು. ಕಣ್ಣು ಮುಚ್ಚಿದರೆ ಆ ಹಣೆಗಳು ಕಾಣುತ್ತವೆ. ‘ನಮೋ ಮರಿಯಾ’ ಅನ್ನುವುದರ ಮುಂದಕ್ಕೆ ಹೋಗುವುದಿಲ್ಲ.

ಪೂಜೆ ತಪ್ಪಿಸಿಲ್ಲ. ಮುಂದಿನ ಸಾಲಿನಲ್ಲೇ ಕೂರುತ್ತೇನೆ. ನಮ್ಮ ಫಾದರ್‌ಗೆ ವಯಸ್ಸಾಗಿದೆ, ಅಕ್ಕಪಕ್ಕದ ಧರ್ಮಕೇಂದ್ರಗಳನ್ನೂ ಅವರೇ ನೋಡಿಕೊಳ್ಳಬೇಕು. ಒಳ್ಳೆಯ ಮನುಷ್ಯ. ಭಾರತದ ನರ್ಸುಗಳು ಬಂದ ಮೇಲೆ ನಮ್ಮ ಚರ್ಚಿಗೆ ಜೀವ ಬಂತು ಅಂತ ಪ್ರಸಂಗದಲ್ಲಿ ಹೇಳುತ್ತಾರೆ, ಎಲ್ಲರೂ ನಮ್ಮ ಕಡೆ ತಿರುಗಿ ನಗುತ್ತಾರೆ. ಆಗ ನನಗೆ ಎದ್ದು ಹೊರಗೆ ಹೋಗಬೇಕು ಅನಿಸುತ್ತದೆ. ಯಾವ ಸಮೀಕ್ಷೆ ಬಂದರೂ ನಾನು ಬರುವವರ ಲೆಕ್ಕದಲ್ಲೇ ಇರುತ್ತೇನೆ, ಆ ಅಜ್ಜಿ ಬಿಟ್ಟವರ ಲೆಕ್ಕದಲ್ಲಿ. ಆರು ಗಂಟೆಗೆ ಕೈ ಜೋಡಿಸುತ್ತಿದ್ದದ್ದು ಅವರು.

ಮಗಳಿಗೆ ಏನು ಹೇಳಿದೆ ಅಂತ ಕೇಳುತ್ತೀಯಾ? ಈಗ ಏನೂ ಬರುತ್ತಿಲ್ಲ, ಬರಲಿ ಅಂತ ಕಾಯುತ್ತಾ ಕೂರುತ್ತೇನೆ ಅಂದೆ. ಅವಳು ‘ಸರಿ’ ಅಂದಳು. ಅದು ನಿಜವೇ. ನನಗೆ ಅದು ವಾಪಸ್ ಬೇಕು ಚೌರಿ. ತುಂಬಾ ಬೇಕು.

ಆಯಿತು, ಸಭೆಯ ವಿಷಯಕ್ಕೆ ಬರುತ್ತೇನೆ. ಮೊಬೈಲು, ಸಿನಿಮಾ, ಐಟಿ ಕೆಲಸ ಅಂತ ಹುಡುಗರನ್ನು ಬೈಯುವ ಭಾಷಣ ಮಾಡಿಸಬೇಡ. ಸಭೆಗೆ ಬಂದವರನ್ನು ಬೈದರೆ ಬಾರದವರಿಗೆ ಕೇಳುವುದಿಲ್ಲ. ಬೆಂಗಳೂರಿನಲ್ಲಿ ಕನ್ನಡದಲ್ಲಿ ಪೂಜೆ ಬೇಕು ಅಂತ ನಮ್ಮ ಹಿಂದಿನವರು ಎಷ್ಟು ಹೋರಾಡಿದರು, ನಮ್ಮಪ್ಪನೂ ಬಾಯಿ ಮಾಡಿಕೊಂಡು ಬಂದಿದ್ದರು, ನೆನಪಿದೆಯಲ್ಲ? ಅವರು ಯಾರೂ ಚರ್ಚು ಬಿಡಲಿಲ್ಲ. ಜಗಳ ಆಡುವವನಿಗೆ ಇದು ತನ್ನ ಮನೆ ಅನ್ನುವುದು ಗೊತ್ತಿರುತ್ತದೆ. ಸುಮ್ಮನಾದವರ ಮನೆಗೆ ಹೋಗು. ಮೇಲಿನ ಬೀದಿಯ ಅಕ್ಕನ ಮನೆಗೆ ಮೊದಲು ಹೋಗು. ಅವಳ ಮದುವೆ ಸಮಯದಲ್ಲಿ ಆದದ್ದನ್ನು ಇಲ್ಲಿ ಬರೆಯುವುದಿಲ್ಲ, ನಿನಗೆ ಎಲ್ಲ ಗೊತ್ತು. ಪೂಜೆಗೆ ಬಾ ಅಂತ ಕರೆಯಲು ಹೋಗಬೇಡ. ಅವತ್ತು ಏನಾಯಿತು ಹೇಳಕ್ಕ ಅಂತ ಕೇಳಿ, ಅವಳು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು ಬಾ. ಫಾದರನ್ನೂ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು.

ತೇರಿಗೆ ಈ ಸಲ ಬರಲಾಗುವುದಿಲ್ಲ, ರಜೆ ಸಿಕ್ಕಿಲ್ಲ. ನನ್ನ ಪಾಲಿನ ಚಂದಾ ಅಣ್ಣನ ಹತ್ತಿರ ಇಸ್ಕೋ. ಊಟಕ್ಕೆ ಕೂತಾಗ ನನ್ನ ಎಲೆಗೂ ನೀನೇ ಬಡಿಸಿಕೊಳ್ಳುತ್ತೀಯ ಅಂತ ಗೊತ್ತು, ಅದಕ್ಕೆ ಬೇರೆ ಚಂದಾ ಕೊಡುವುದಿಲ್ಲ. ಅಮ್ಮ ಫೇಸ್‌ಬುಕ್ ನೋಡುವುದಿಲ್ಲ. ಯಾರಾದರೂ ಓದಿ ಹೇಳುತ್ತೇವೆ ಅಂದರೆ, ಜಿಂಕೆ ಇರುವ ಭಾಗ ಓದಿ ಸಾಕು ಅನ್ನು. ಸಭೆ ಮುಗಿದ ಮೇಲೆ ಯಾರು ಏನಂದರು ಅಂತ ಫೋನ್ ಮಾಡು. ಈ ವಾರವೆಲ್ಲ ನನಗೆ ನೈಟ್ ಡ್ಯೂಟಿ, ನೀನು ಬೆಳಿಗ್ಗೆ ಎದ್ದು ಹಾಲು ಹಾಕುವ ಹೊತ್ತಿಗೆ ನಾನು ಎಚ್ಚರವೇ ಇರುತ್ತೇನೆ.

ನಿನ್ನ,
ಅಂತೋಣಿ