ಸಿಸ್ಟರ್ಸ್ ಆಫ್ ಮರ್ಸಿಯ ಐದು ವರ್ಷ: ಕ್ಯಾಸೆಟ್ ಕೊಟ್ಟವರಿಗೆ, ಡೆಕ್ ರಿಪೇರಿ ಮಾಡಿಕೊಟ್ಟವರಿಗೆ ನಮಸ್ಕಾರ

ಇಂಗ್ಲೆಂಡಿನ ಲೀಡ್ಸ್ ನಗರದ ಗಾಥಿಕ್ ರಾಕ್ (ಚುಟುಕಾಗಿ ‘ಗಾಥ್’, ಕತ್ತಲೆಯ ಭಾವದ ರಾಕ್ ಸಂಗೀತ) ಬ್ಯಾಂಡ್ ‘ದಿ ಸಿಸ್ಟರ್ಸ್ ಆಫ್ ಮರ್ಸಿ’ಯ 1980ರಿಂದ 1985ರವರೆಗಿನ ಚರಿತ್ರೆಯನ್ನು ಕನ್ನಡದಲ್ಲಿ ಜೋಡಿಸುವ ಕೆಲಸ ಮುಗಿದಿದೆ. ಜೊತೆಗೆ ನಮ್ಮ ಕೈಗೆ ಬಂದ ಹಳೆಯ ಕಾರ್ಯಕ್ರಮಗಳ ಕ್ಯಾಸೆಟ್‌ಗಳೆಲ್ಲ ಡಿಜಿಟಲ್ ಆಗಿವೆ. ‘ಗಾಥ್’ ಎಂಬ ಹಣೆಪಟ್ಟಿಯನ್ನು ಗಾಯಕ ಆಂಡ್ರ್ಯೂ ಎಲ್ಡ್ರಿಚ್ ಇವತ್ತಿಗೂ ಒಪ್ಪುವುದಿಲ್ಲ. ಆದರೂ ಆ ಬಗೆಯ ಸಂಗೀತ ಹೇಗೆ ಹುಟ್ಟಿತು ಎಂದು ಹುಡುಕಿಕೊಂಡು ಹೋದವರು ಇವರ ಬಾಗಿಲು ತಟ್ಟದೆ ಮುಂದೆ ಹೋಗಲಾರರು. ನೆರವಾದವರಲ್ಲಿ ಹೆಚ್ಚಿನವರು ಹೆಸರು ಹಾಕಬೇಡಿ ಎಂದಿದ್ದಾರೆ. ಹಾಗಾಗಿ ಅವರು ಮಾಡಿಕೊಟ್ಟ ಕೆಲಸವನ್ನೇ ಹೇಳಿ ಕೈಮುಗಿಯುತ್ತೇವೆ.

ಮೊದಲ ನಮಸ್ಕಾರ ರೆಕಾರ್ಡ್ ಕೊಟ್ಟವರಿಗೆ. ಬ್ಯಾಂಡಿನ ಮೊದಲ ಸಿಂಗಲ್ ‘ದ ಡ್ಯಾಮೇಜ್ ಡನ್’ 1980ರಲ್ಲಿ ಅವರದೇ ‘ಮರ್ಸಿಫುಲ್ ರಿಲೀಸ್’ ಲೇಬಲ್‌ನಲ್ಲಿ ಬಂತು. ಅಚ್ಚಾದದ್ದು 1000 ಪ್ರತಿ. ಅದರ ಅಸಲು ಪ್ರತಿಯ ಆಸೆ ಯಾರೂ ಇಟ್ಟುಕೊಳ್ಳಬೇಕಿಲ್ಲ, ನಕಲಿಗಳೂ ಓಡಾಡುತ್ತಿವೆ. 1980–83ರ ಸಿಂಗಲ್‌ಗಳನ್ನೆಲ್ಲ ಕೂಡಿಸಿ 1992ರಲ್ಲಿ ಹೊರತಂದ ‘ಸಮ್ ಗರ್ಲ್ಸ್ ವಾಂಡರ್ ಬೈ ಮಿಸ್ಟೇಕ್’ ಸಂಕಲನವೇ ನಮಗೆ ಆಧಾರವಾಯಿತು. ಆ ಮೊದಲ ಸಿಂಗಲ್‌ನಲ್ಲಿ ಡ್ರಮ್ಸ್ ನುಡಿಸಿದ್ದು ಎಲ್ಡ್ರಿಚ್, ಗಿಟಾರ್ ಗ್ಯಾರಿ ಮಾರ್ಕ್ಸ್ ಅವರದು. ಹಿಂಬದಿಯ ‘ವಾಚ್’ ಹಾಡನ್ನು ಹಾಡಿದ್ದೂ ಮಾರ್ಕ್ಸ್. ಕೇಳಲು ಅಷ್ಟೇನೂ ಚೆನ್ನಾಗಿಲ್ಲ, ನಿಜ. ಆದರೆ ಅದನ್ನು ಕೇಳಿದ ಮೇಲೆ 1982ರ ‘ಆಲಿಸ್’ ಕೇಳಿ. ಎರಡು ವರ್ಷದಲ್ಲಿ ಬ್ಯಾಂಡು ಏನನ್ನು ಬಿಟ್ಟಿತು, ಏನನ್ನು ಹಿಡಿಯಿತು ಎಂಬುದು ಕಿವಿಗೇ ಗೊತ್ತಾಗುತ್ತದೆ.

ಬಿಟ್ಟದ್ದು ಡ್ರಮ್ಮರನನ್ನು, ಹಿಡಿದದ್ದು ಯಂತ್ರವನ್ನು. ಇಲ್ಲಿ ನಮ್ಮ ದೊಡ್ಡ ಋಣ ಬಾಸ್ ಕಂಪನಿಯ ಡಿಆರ್-55 ಎಂಬ, ಡ್ರಮ್ಮಿನ ಸದ್ದನ್ನು ತಾನೇ ನುಡಿಸುವ ಡ್ರಮ್ ಮೆಷೀನನ್ನು ಮುಂದಿಟ್ಟುಕೊಂಡು ಒಂದೊಂದೇ ಗುಂಡಿ ಒತ್ತಿ ತೋರಿಸಿದ ಗೆಳೆಯರ ಮೇಲಿದೆ. ‘ಡಾಕ್ಟರ್ ಅವಲಾಂಚ್’ ಎಂದು ಬ್ಯಾಂಡು ಹೆಸರಿಟ್ಟ ಮೊದಲ ಯಂತ್ರ ಇದೇ. ಮುಂದೆ ರೋಲ್ಯಾಂಡ್ 606, 808, ಒಬರ್‌ಹೈಮ್ ಡಿಎಂಎಕ್ಸ್ ಬಂದರೂ ಹೆಸರು ಬದಲಾಗಲಿಲ್ಲ. ಡಿಆರ್-55ರಲ್ಲಿ ಇರುವುದು ನಾಲ್ಕೇ ಸದ್ದು: ಬೇಸ್ ಡ್ರಮ್, ಸ್ನೇರ್, ರಿಮ್‌ಶಾಟ್, ಹೈಹ್ಯಾಟ್ (ಚಿಸ್ ಎನ್ನುವ ಜೋಡಿ ತಟ್ಟೆ). ಟಾಮ್ ಇಲ್ಲ, ಕ್ರ್ಯಾಶ್ ಸಿಂಬಲ್ ಇಲ್ಲ. ಒಂದು ಪಟ್ಟಿಗೆ 16 ಹೆಜ್ಜೆ. ಬರೆಯುವಾಗ ಒಂದು ಗುಂಡಿ ಒತ್ತಿದರೆ ಪೆಟ್ಟು, ಇನ್ನೊಂದು ಒತ್ತಿದರೆ ಬಿಡುವು. ನಡುವೆ ಒಂದು ಹೆಜ್ಜೆ ತಪ್ಪಿದರೆ ಅಲ್ಲಿಂದಾಚೆಯ ಪೆಟ್ಟುಗಳೆಲ್ಲ ಒಂದೊಂದು ಮನೆ ಜರುಗುತ್ತವೆ, ಮೊದಲಿಂದ ಬರೆಯಬೇಕು. ಹೈಹ್ಯಾಟನ್ನು ನಮಗೆ ಬೇಕಾದ ಕಡೆ ಕೂರಿಸಲು ಬರುವುದಿಲ್ಲ, ಸ್ವಿಚ್ಚು ಹಾಕಿದರೆ ಸಮನಾಗಿ ಓಡುತ್ತಲೇ ಇರುತ್ತದೆ.

ಇದನ್ನು ಕಣ್ಣಾರೆ ನೋಡಿದ ಮೇಲೆ ಬ್ಯಾಂಡಿನ ಕಟ್ಟಡವೇ ಅರ್ಥವಾಯಿತು. ತಾಳ ಏರುವುದಿಲ್ಲ, ಇಳಿಯುವುದಿಲ್ಲ, ಹಾಡಿನ ತಿರುವಿನಲ್ಲಿ ಉರುಳಿಕೆ ಹಾಕುವುದಿಲ್ಲ. ಹಾಗಾದರೆ ಏರಿಳಿತ ಯಾರು ಕೊಡಬೇಕು? ಕ್ರೇಗ್ ಆಡಮ್ಸ್ ಅವರ ಕರಕರ ಎನ್ನುವ ಬೇಸ್ ಗಿಟಾರ್ ಕೊಡಬೇಕು, ಅದರ ಮೇಲೆ ಎಲ್ಡ್ರಿಚ್‌ರ ತಗ್ಗಿನ ದನಿ ಕೊಡಬೇಕು. ಗಿಟಾರುಗಳು ಒಂದೇ ಸಾಲನ್ನು ಬಿಡದೆ ಸುತ್ತುವುದೂ ಈ ಕಾರಣಕ್ಕೇ. ದುಡ್ಡಿಲ್ಲದ್ದಕ್ಕೆ ಯಂತ್ರ ಇಟ್ಟುಕೊಂಡರು ಎಂದು ಬರೆದುಬಿಡುವುದು ಸುಲಭ. ಅದು ಅರ್ಧ ಮಾತು. ದುಡ್ಡು ಬಂದ ಮೇಲೂ ಅವರು ಡ್ರಮ್ಮರನನ್ನು ತರಲಿಲ್ಲ.

1981ರ ಫೆಬ್ರವರಿ 16ರಂದು ಯಾರ್ಕ್ ವಿಶ್ವವಿದ್ಯಾಲಯದ ಆಲ್ಕ್ವಿನ್ ಕಾಲೇಜಿನಲ್ಲಿ ಅವರ ಮೊದಲ ಕಾರ್ಯಕ್ರಮ. ಅಲ್ಲಿಂದ ಮುಂದಿನ ಕಥೆಯ ಮುಕ್ಕಾಲು ಪಾಲು ಉಳಿದಿರುವುದು ಸಭೆಯಲ್ಲಿ ಕೂತು ಕೋಟಿನೊಳಗೆ ರೆಕಾರ್ಡರ್ ಬಚ್ಚಿಟ್ಟುಕೊಂಡವರ ಕ್ಯಾಸೆಟ್‌ಗಳಲ್ಲಿ. ಅಮೆರಿಕದ ಗಾಯಕಿ ಡಾಲಿ ಪಾರ್ಟನ್ ಅವರ ‘ಜೋಲೀನ್’ ಹಾಡನ್ನು ಇವರು ವೇದಿಕೆಯಲ್ಲಿ ಹಾಡುತ್ತಿದ್ದರು, ಆ ಕಾಲದ ಅವರ ಯಾವ ರೆಕಾರ್ಡಿನಲ್ಲೂ ಅದಿಲ್ಲ. ಆ ಕ್ಯಾಸೆಟ್‌ಗಳ ಪ್ರತಿಯ ಪ್ರತಿಯನ್ನು ಇಷ್ಟು ವರ್ಷ ಕಾಪಾಡಿ, ಇಂಗ್ಲೆಂಡಿನಿಂದ ಬೆಂಗಳೂರಿಗೆ ಬರುವವರ ಕೈಯಲ್ಲಿ ಕಳಿಸಿಕೊಟ್ಟ ಕನ್ನಡಿಗರಿಗೆ ಎಷ್ಟು ಹೇಳಿದರೂ ಸಾಲದು.

ಕ್ಯಾಸೆಟ್ ನುಡಿಸುವ ಡೆಕ್ ರಿಪೇರಿ ಮಾಡಿದ ಮೇಸ್ತ್ರಿಗೆ ಬೇರೆಯಾಗಿಯೇ ಹೇಳಬೇಕು. ಹಳೆಯ ಡೆಕ್ಕಿನ ರಬ್ಬರ್ ಬೆಲ್ಟು ಕರಗಿ ಡಾಂಬರಾಗಿರುತ್ತದೆ. ಅದನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ಪೂರ್ತಿ ಒರೆಸದೆ ಹೊಸ ಬೆಲ್ಟು ಹಾಕಿದರೆ ಜಾರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬೆಲ್ಟು ಕೊಳ್ಳುವಾಗ ಅಳತೆಯ ಜೊತೆಗೆ ಅದು ಚಪ್ಪಟೆಯೋ ಚೌಕವೋ ನೋಡಿ. ಸಡಿಲವಾದರೆ ಸ್ವರ ತೇಲಾಡುತ್ತದೆ, ಬಿಗಿಯಾದರೆ ಮೋಟಾರಿನ ಬುಷ್ ಸವೆಯುತ್ತದೆ. ಟೇಪನ್ನು ಒತ್ತಿ ಎಳೆಯುವ ರಬ್ಬರ್ ರೋಲರಿಗೆ ಮಾತ್ರ ಆಲ್ಕೊಹಾಲ್ ಬೇಡ, ರಬ್ಬರ್ ಗಟ್ಟಿಯಾಗುತ್ತದೆ; ಸೋಪಿನ ನೀರು ಸಾಕು. ಕೊನೆಗೆ 3150 ಹರ್ಟ್ಜ್ ಪರೀಕ್ಷಾ ಟೇಪು ಹಾಕಿ ಮೋಟಾರಿನ ವೇಗ ಕೂರಿಸಿದರು. ಸೆಕೆಂಡಿಗೆ 4.76 ಸೆಂಟಿಮೀಟರ್ ಎಂಬುದು ಕ್ಯಾಸೆಟ್ಟಿನ ಲೆಕ್ಕ.

ಡೆಕ್ಕು ಸರಿಯಾದ ಮಾತ್ರಕ್ಕೆ ಕ್ಯಾಸೆಟ್ ಸರಿಯಾಗುವುದಿಲ್ಲವಲ್ಲ! ಮೂಲ ರೆಕಾರ್ಡರೇ ತಪ್ಪು ವೇಗದಲ್ಲಿ ಓಡಿದ್ದರೆ? ಡ್ರಮ್ ಮೆಷೀನಿನ ತಾಳವನ್ನೇ ಅಳತೆಗೋಲು ಮಾಡಿಕೊಳ್ಳಬಹುದು ಎನಿಸುತ್ತದೆ, ಆದರೆ ಡಿಆರ್-55ರ ವೇಗ ಕೈಯಿಂದ ತಿರುಗಿಸುವ ಗುಬುಟಿನದು, ನಂಬುವ ಹಾಗಿಲ್ಲ. ಇಲ್ಲಿ ಕೈಹಿಡಿದದ್ದು ಧ್ವನಿ ಎಂಜಿನಿಯರ್ ಒಬ್ಬರು. ಹಾಡುಗಳ ನಡುವಿನ ಮೌನದಲ್ಲಿ ವೇದಿಕೆಯ ಆಂಪ್ಲಿಫೈಯರ್‌ಗಳ ಗುಂಯ್ ಸದ್ದು ಹುಡುಕಿ ಎಂದರು. ಇಂಗ್ಲೆಂಡಿನ ಕರೆಂಟು 50 ಹರ್ಟ್ಜ್, ಧ್ವನಿಯ ಆವರ್ತನ ತೋರಿಸುವ ಚಿತ್ರದಲ್ಲಿ ಆ ಸದ್ದಿನ ಗೆರೆ 50ರಲ್ಲಿ, ಇನ್ನೂ ಸ್ಪಷ್ಟವಾಗಿ 100ರಲ್ಲಿ ಕಾಣಬೇಕು. 103ರಲ್ಲಿ ಕಂಡರೆ ಟೇಪು ಶೇ. 3ರಷ್ಟು ಜೋರಾಗಿದೆ, ಅಂದರೆ ಸ್ವರ ಸುಮಾರು ಅರ್ಧ ಸೆಮಿಟೋನ್ (ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಮನೆಗಳ ಅಂತರದ ಅರ್ಧ) ಮೇಲೇರಿದೆ. ಒಂದು ತೊಡಕುಂಟು: ನಮ್ಮ ಕರೆಂಟೂ 50 ಹರ್ಟ್ಜ್. ನಮ್ಮದೇ ವಯರಿಂಗಿನ ಗುಂಯ್ ಸೇರಿಕೊಂಡರೆ ಟೇಪು ಸರಿಯಾಗಿಯೇ ಇದೆ ಎಂದು ಮೋಸಹೋಗುತ್ತೇವೆ. ಆದ್ದರಿಂದ ಮೊದಲು ಟೇಪಿಲ್ಲದೆ ಒಂದು ನಿಮಿಷ ರೆಕಾರ್ಡ್ ಮಾಡಿ, ನಮ್ಮ ಗೆರೆ ಎಲ್ಲಿದೆ ನೋಡಿಕೊಳ್ಳಬೇಕು. ಅಮೆರಿಕದ ಕಾರ್ಯಕ್ರಮವಾದರೆ ಈ ತಲೆನೋವಿಲ್ಲ, ಅಲ್ಲಿನದು 60.

ಉಳಿದದ್ದನ್ನೂ ಅವರೇ ಹೇಳಿಕೊಟ್ಟರು. ಎರಡೂ ಚಾನೆಲ್ ಒಂದಾಗುವಂತೆ ಮೊನೊಗೆ ಹಾಕಿ, ಟೇಪನ್ನು ಓದುವ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೈಹ್ಯಾಟ್ ಅತಿ ಚುರುಕಾಗಿ ಕೇಳುವಲ್ಲಿ ನಿಲ್ಲಿಸಬೇಕು, ಪ್ರತಿ ಕ್ಯಾಸೆಟ್ಟಿಗೂ ಹೊಸದಾಗಿ. ನಾಯ್ಸ್ ರಿಡಕ್ಷನ್ ಸಾಫ್ಟ್‌ವೇರ್ ಮುಟ್ಟಬಾರದು: ಡಾಕ್ಟರ್ ಅವಲಾಂಚ್‌ನ ಹೈಹ್ಯಾಟೇ ಒಂದು ಬಗೆಯ ಹಿಸ್, ಸಾಫ್ಟ್‌ವೇರಿಗೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ, ಟೇಪಿನ ಜೊತೆ ತಾಳವನ್ನೂ ಒರೆಸಿಬಿಡುತ್ತದೆ. ಸ್ಟೀರಿಯೊ, 24 ಬಿಟ್, 48 ಕಿಲೊಹರ್ಟ್ಜ್‌ನಲ್ಲಿ ಸಿ-90ರ ಒಂದು ಬದಿ, ಅಂದರೆ 45 ನಿಮಿಷ, ಸುಮಾರು 780 ಎಂಬಿ ಆಗುತ್ತದೆ.

ತಾರೀಕು ಸರಿಪಡಿಸಿದವರಿಗೂ ವಂದನೆ. ಕ್ಯಾಸೆಟ್ಟಿನ ಮೇಲಿನ ಬರಹವನ್ನು ನಂಬಿ ಕೆಟ್ಟವರೇ ಹೆಚ್ಚು. ನಂಬಬೇಕಾದದ್ದು ಒಳಗಿನ ಹಾಡನ್ನು, ವಾದ್ಯವನ್ನು. 1983ರ ಕೊನೆಯವರೆಗೆ ಎರಡನೆಯ ಗಿಟಾರ್ ಬೆನ್ ಗನ್ ಅವರದು. ಅವರು ಬಿಟ್ಟ ಮೇಲೆ ಬಂದ ವೇಯ್ನ್ ಹಸ್ಸಿ ಕಾಲದಲ್ಲಿ ‘ಮೇರಿಯನ್’, ‘ವಾಕ್ ಅವೇ’ ಸೇರುತ್ತವೆ, ಹಾಗಾಗಿ ಅವು ಇರುವ ಟೇಪು ‘1983’ ಆಗಲು ಸಾಧ್ಯವಿಲ್ಲ. ಮೊದಲ ಆಲ್ಬಮ್ ‘ಫಸ್ಟ್ ಅಂಡ್ ಲಾಸ್ಟ್ ಅಂಡ್ ಆಲ್ವೇಸ್’ 1985ರ ಮಾರ್ಚಿನಲ್ಲಿ ಬಂದು ಬ್ರಿಟನ್ನಿನ ಪಟ್ಟಿಯಲ್ಲಿ 14ನೇ ಸ್ಥಾನಕ್ಕೆ ಹೋಯಿತು. ಏಪ್ರಿಲ್ 1ರಂದು ಬ್ರೈಟನ್ನಿನಲ್ಲಿ ನುಡಿಸಿ ಗ್ಯಾರಿ ಮಾರ್ಕ್ಸ್ ಹೊರನಡೆದರು. ಆಲ್ಬಮ್ಮಿನ ಹಾಡುಗಳಿದ್ದು ಗಿಟಾರ್ ಒಂದೇ ಕೇಳಿಸಿದರೆ ಅದು ಆ ದಿನದ ನಂತರದ್ದು. ಜೂನ್ 18ರ ರಾಯಲ್ ಆಲ್ಬರ್ಟ್ ಹಾಲ್ ಕಾರ್ಯಕ್ರಮಕ್ಕೆ ನಮ್ಮ ಚರಿತ್ರೆ ನಿಲ್ಲುತ್ತದೆ. ಅದರ ನಂತರ ಆ ಕೂಟ ಒಡೆಯಿತು, ಹಸ್ಸಿ ಮತ್ತು ಆಡಮ್ಸ್ ‘ದಿ ಮಿಶನ್’ ಕಟ್ಟಿದರು.

ಧ್ವನಿ ಫೈಲುಗಳನ್ನು ಕಳಿಸಿ ಎಂದು ಕೇಳಬೇಡಿ, ಹಾಡುಗಳ ಹಕ್ಕು ನಮ್ಮದಲ್ಲ. ಕ್ಯಾಸೆಟ್ ಕೊಟ್ಟವರು ಮಾತ್ರ ತಮ್ಮದರ ಪ್ರತಿ ಪಡೆಯಬಹುದು. ಅಸಲು ಕ್ಯಾಸೆಟ್‌ಗಳೆಲ್ಲ ಪೂರ್ತಿ ಮುಂದಕ್ಕೆ ಓಡಿಸಿ, ಮತ್ತೆ ಹಿಂದಕ್ಕೆ ಸುತ್ತಿ, ನಿಮ್ಮ ಗುರುತಿನ ಚೀಟಿ ಅಂಟಿಸಿ ತಯಾರಿವೆ. ಟೇಪನ್ನು ಹೆಡ್ಡಿಗೆ ಒತ್ತುವ ಪ್ಯಾಡ್ ಕಳಚಿದ್ದ ಕ್ಯಾಸೆಟ್‌ಗಳಿಗೆ ಹೊಸ ಡಬ್ಬಿ ಹಾಕಿದ್ದೇವೆ, ಹಳೆಯ ಡಬ್ಬಿಯೂ ಬೇಕೆಂದವರು ಒಯ್ಯುವಾಗ ಕೇಳಿ ಪಡೆಯಿರಿ.