ಬಯಲಿಗೆ ಸಸಿ ಬೇಡ, ಹುಲ್ಲು ಬರಲಿ

ಮಾನ್ಯ ಸಂಪಾದಕರೇ,

ಮುಂಗಾರಿನ ಮೊದಲ ಮಳೆ ಬಿದ್ದರೆ ಸಾಕು, ಬಯಲು ಕಂಡಲ್ಲೆಲ್ಲ ಗುಂಡಿ ತೋಡಿ ಸಸಿ ಊರುವ ಉಮೇದು ಶುರುವಾಗುತ್ತದೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವನ್ನಾದರೂ ಈ ಉಮೇದಿನಿಂದ ದೂರ ಇಡಬೇಕು. 119 ಚದರ ಕಿ.ಮೀ.ಗಳ ಈ ನೆಲ 1974ರಲ್ಲಿ ಅಭಯಾರಣ್ಯವಾಯಿತು. ಇಲ್ಲಿನ ಚಿಗರಿಯೂ (ಕೃಷ್ಣಮೃಗ) ಎರೆಭೂತವೂ (ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂಬ ದೊಡ್ಡ ಹಕ್ಕಿ) ಬಯಲಿನ ಜೀವಿಗಳು. ನೆಲದ ಬಹುಭಾಗ ಮಾತ್ರ ನೀಲಗಿರಿ ತೋಪು.

ಚಿಗರಿ ಹೆಚ್ಚಾಗಿವೆಯಲ್ಲ, ನೀಲಗಿರಿಯಿಂದ ಏನು ತೊಂದರೆ ಎನ್ನುವವರಿದ್ದಾರೆ. ಹಗಲು ನೀಲಗಿರಿ ನೆರಳಲ್ಲಿ ಮಲಗಿದ ಚಿಗರಿ ಹಿಂಡು ಕತ್ತಲಾದ ಮೇಲೆ ಗೋವಿನಜೋಳ, ಶೇಂಗಾ ಹೊಲಕ್ಕೆ ಇಳಿಯುತ್ತದೆ. ತೋಪಿನಲ್ಲಿಲ್ಲದ ಮೇವಿನ ಲೆಕ್ಕ ರೈತನ ತಲೆಗೆ. ಎರೆಭೂತಕ್ಕೆ ಈ ಉಪಾಯವೂ ಇಲ್ಲ. ಹದಿನೈದು ಕೆ.ಜಿ.ವರೆಗೂ ತೂಗುವ ಈ ಹಕ್ಕಿ ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಸುತ್ತ ದೂರದವರೆಗೆ ಕಣ್ಣು ಹಾಯದ ಜಾಗ ಅದಕ್ಕೆ ಒಗ್ಗದು. ಈ ಸೀಮೆಯಲ್ಲಿ ಈಗ ಅದರ ಹೆಸರಷ್ಟೇ ಉಳಿದಿದೆ.

ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿತು, ಸರಿ. ಅದರ ಜಾಗಕ್ಕೆ ಹೊಂಗೆ, ಬೇವು ತಂದರೂ ಹುಲ್ಲಿಗೆ ಬೀಳುವುದು ಅದೇ ನೆರಳು.

ಮರ ಕಡಿದರೆ ಕೆಲಸ ಮುಗಿಯಿತೆಂದಲ್ಲ. ಕಡಿದ ನೀಲಗಿರಿ ಬೊಡ್ಡೆಯಿಂದ ಒಂದೇ ಮಳೆಗಾಲದಲ್ಲಿ ಗುಂಪು ಗುಂಪಾಗಿ ಚಿಗುರೇಳುತ್ತವೆ. ಸುಮ್ಮನೆ ಬಿಟ್ಟರೆ ಏಳೆಂಟು ವರ್ಷಕ್ಕೆ ಮತ್ತೆ ತೋಪು. ಜೆಸಿಬಿ ತಂದು ಬೊಡ್ಡೆ ಕೀಳಿಸಿದರೆ ನೆಲ ಬುಡಮೇಲಾಗಿ ಕಾಂಗ್ರೆಸ್ ಕಸಕ್ಕೂ ಬಳ್ಳಾರಿ ಜಾಲಿಗೂ ಹದ ಮಾಡಿಕೊಟ್ಟಂತೆ. ನೆಲಮಟ್ಟಕ್ಕೆ ಕಡಿದು, ಚಿಗುರು ಮೊಣಕಾಲೆತ್ತರ ಬಂದಾಗೆಲ್ಲ ಸವರುತ್ತಿದ್ದರೆ ಬೇರಿನ ಕಸುವು ಎರಡು ಮೂರು ವರ್ಷದಲ್ಲಿ ಇಳಿಯುತ್ತದೆ. ಅಷ್ಟು ವರ್ಷದ ಕೂಲಿಯನ್ನು ಕಡಿಯುವ ಟೆಂಡರಿನಲ್ಲೇ ಸೇರಿಸದಿದ್ದರೆ ಇಡೀ ಕೆಲಸ ದಂಡ. ಒಂದೇ ಸಲ ಎಲ್ಲವನ್ನೂ ಬೋಳಿಸುವುದೂ ಬೇಡ. ಈಗಾಗಲೇ ಹುಲ್ಲಿರುವ ತುಣುಕಿನ ಅಂಚಿನಿಂದ ವರ್ಷಕ್ಕಿಷ್ಟೆಂದು ಹಿಗ್ಗಿಸುತ್ತ ಹೋಗಬೇಕು.

ಹುಲ್ಲಿನ ಬೀಜ ಹೊರಗಿನಿಂದ ತರಿಸಬೇಕಿಲ್ಲ. ದೀಪಾವಳಿಯ ಆಸುಪಾಸಿನಲ್ಲಿ ಇಲ್ಲಿನದೇ ಹುಲ್ಲಿನ ತೆನೆಯನ್ನು ಅಂಗೈಯಲ್ಲಿ ಉಜ್ಜಿ ನೋಡಿ, ಬೀಜ ಉದುರಿದರೆ ಕೊಯ್ಯಬೇಕು. ನೆರಳಲ್ಲಿ ಒಣಗಿಸಿ ಗೋಣಿಚೀಲದಲ್ಲಿಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬೆವೆತು ಬೂಸಲು ಹಿಡಿಯುತ್ತದೆ. ಹಲವು ಹುಲ್ಲುಗಳ ಹೊಸ ಬೀಜ ಕೆಲವು ತಿಂಗಳು ಮಲಗಿಯೇ ಇರುತ್ತದೆ, ಆಗಲೇ ಬಿತ್ತಿ ಮೊಳೆಯಲಿಲ್ಲವೆಂದು ಕೈಬಿಡಬಾರದು. ರೋಹಿಣಿ ಮಳೆಗೆ ಮುಂಚೆ ಮಣ್ಣು, ಸಗಣಿ ಜೊತೆ ಕಲಸಿ ಉಂಡೆ ಕಟ್ಟಿ ಎರಚಿದರೆ ಗಾಳಿಗೂ ಇರುವೆಗೂ ಹೋಗುವುದು ಕಡಿಮೆ. ಉದ್ದ ಮೀಸೆಯ ಬೀಜಕ್ಕೆ ಉಂಡೆಯೂ ಬೇಕಿಲ್ಲ: ತೇವ ತಾಗಿದರೆ ಬಿಚ್ಚಿಕೊಂಡು, ಒಣಗಿದರೆ ಮತ್ತೆ ತಿರುಚಿಕೊಳ್ಳುವ ಮೀಸೆ ಬೈರಿಗೆಯಂತೆ ಬೀಜವನ್ನು ತಾನೇ ನೆಲಕ್ಕಿಳಿಸುತ್ತದೆ. ಆದರೆ ನೀಲಗಿರಿಯ ಒಣ ಎಲೆ, ತೊಗಟೆಯ ಹಾಸನ್ನು ಮೊದಲು ಗೋರಿ ತೆಗೆದಿರಬೇಕು. ಹಾಸಿನ ಮೇಲೆ ಬಿದ್ದ ಬೀಜಕ್ಕೆ ಮಣ್ಣೇ ಸಿಗದು.

ಮೇಯಿಸುವುದನ್ನು ಪೂರ್ತಿ ನಿಲ್ಲಿಸಿದರೆ ಹುಲ್ಲು ಬಲಿತು ಒರಟಾಗುತ್ತದೆ. ಚಿಗರಿಗೆ ಬೇಕಾದದ್ದು ಗಿಡ್ಡ, ಎಳೆ ಹುಲ್ಲು. ಹಾಗೆಂದು ಎಲ್ಲವನ್ನೂ ಬೋಳು ಮೇಯಿಸಿದರೆ ಮರಿಗೆ ಮರೆಯಿಲ್ಲ. ಹುಟ್ಟಿದ ಮೊದಲ ದಿನಗಳಲ್ಲಿ ಮರಿ ಹುಲ್ಲಿನೊಳಗೆ ಅಲುಗದೆ ಮಲಗಿರುತ್ತದೆ, ಮರೆ ಇಲ್ಲದ ಕಡೆ ಊರನಾಯಿಗಳ ಬಾಯಿಗೆ ಬೀಳುತ್ತದೆ. ಜೂನ್‌ನಿಂದ ಬೀಜ ಉದುರುವವರೆಗೆ ನೆಲಕ್ಕೆ ಬಿಡುವು ಕೊಟ್ಟು, ಆಮೇಲೆ ಇಲಾಖೆ ಗುರುತಿಸಿದ ತುಣುಕುಗಳಲ್ಲಷ್ಟೇ ಸರದಿಯಂತೆ ಕುರಿ ಬಿಡುವುದು ಒಳ್ಳೆಯದು.

ಇದೆಲ್ಲ ವರ್ಷಗಳ ಕೆಲಸ. ಬೇಸಿಗೆಯಲ್ಲೇ ಮಾಡಬಹುದಾದದ್ದು ಒಂದಿದೆ: ಸಸಿ ಒಣಗಿ ಖಾಲಿ ಬಿದ್ದ ಹಳೆಯ ಗುಂಡಿ, ಟ್ರೆಂಚುಗಳನ್ನು ಮುಚ್ಚುವುದು. ಮಳೆ ಬಂದು ಬಾಯಿಗೆ ಹುಲ್ಲು ಕವಿದರೆ ಓಡುವ ಚಿಗರಿಗೆ ಅವು ಕಾಣುವುದಿಲ್ಲ, ಕಾಲು ಮುರಿಯುತ್ತದೆ.

– ಓದುಗರು, ರಾಣೆಬೆನ್ನೂರು